ಹೊಗೆ ಆಡುವವರೆಗೆ

ತೋಚಿದಾನಿ ಕಣಿವೆಯಲ್ಲಿ ಯಾರ ಮನೆಗೆ ಬೆಂಕಿ ಬಿದ್ದರೂ ಹೊಗೆ ಏಳುವುದಕ್ಕೆ ಮೊದಲೇ ಕೊಡೆ ಮಾಡುವ ಯಾಗೊರೊ ಅಲ್ಲಿ ನೀರಿನ ಬಾಲ್ದಿ ಹಿಡಿದು ನಿಂತಿರುತ್ತಿದ್ದ. ಒಂದು ಸಲವಂತೂ ಒಲೆ ಹಚ್ಚುವ ಮೊದಲೇ ಬಂದುಬಿಟ್ಟು, "ಇನ್ನೂ ಬಿದ್ದಿಲ್ಲ ಮಾರಾಯ, ಮಧ್ಯಾಹ್ನದ ಮೇಲೆ ಬಾ" ಅಂತ ಮನೆಯವರೇ ವಾಪಸು ಕಳಿಸಿದರಂತೆ. ಹೆಣ ಬಿದ್ದ ಮನೆಗೂ ಅಷ್ಟೇ. ಸಾಯುವವರ ತುಟಿಗೆ ನೀರು ಸವರುವ ಹೊತ್ತಿಗೆ ಯಾಗೊರೊ ಗುದ್ದಲಿ ಹೆಗಲಿಗೇರಿಸಿ ಅಂಗಳದಲ್ಲಿ ಹಾಜರು. ಅವನನ್ನು ಕಂಡು ಗಾಬರಿಯಾಗಿ ಎದ್ದು ಕೂತು ಇನ್ನೂ ಐದು ವರ್ಷ ಬದುಕಿದ ಮುದುಕಿಯರು ನಮ್ಮಲ್ಲಿ ಮೂವರಿದ್ದಾರೆ.

ಅವನಿಗೆ ಬೆಂಕಿಯ ಮೇಲೆ ಪ್ರೀತಿಯಿರಲಿಲ್ಲ, ಹೆಣದ ಮೇಲೆ ಮೋಹವಿರಲಿಲ್ಲ. ಊರು ಅವನ ಪಾಲಿಗೆ ಬಿಟ್ಟದ್ದು ಅವೆರಡೇ. ಮನುಷ್ಯರು ಒಬ್ಬರಿಗೊಬ್ಬರು ಒದಗುವ ಸಂದರ್ಭ ಹತ್ತು ಅಂತ ನಮ್ಮ ಕಡೆಯ ಲೆಕ್ಕ. ಮದುವೆ, ಬಾಣಂತನ, ಕಾಯಿಲೆ, ಮನೆ ಕಟ್ಟುವುದು, ನೆರೆ, ಪ್ರಯಾಣ, ಹೀಗೆ. ಊರಿಗೆ ದ್ರೋಹ ಮಾಡಿದವನಿಗೆ ಅದರಲ್ಲಿ ಎಂಟನ್ನು ಕತ್ತರಿಸುತ್ತಾರೆ. ಮಾತಿಲ್ಲ, ಕತೆಯಿಲ್ಲ, ಕೊಡುವುದಿಲ್ಲ, ಕೊಳ್ಳುವುದಿಲ್ಲ. ಉಳಿಸುವುದು ಬೆಂಕಿ ಮತ್ತು ಹೆಣ. ಅದೂ ಕರುಣೆಯಿಂದಲ್ಲ. ಬೆಂಕಿ ಪಕ್ಕದ ಮನೆಗೆ ಹಾರುತ್ತದೆ, ಹೆಣ ನಾರುತ್ತದೆ, ಅಷ್ಟೆ.

ಹನ್ನೆರಡು ವರ್ಷ ಯಾಗೊರೊ ಆ ಎರಡು ಪಾಲಿನಲ್ಲಿ ಬದುಕಿದ. ಹೊಳೆಯಾಚೆ ಒಂಟಿ ಮನೆ, ಒಂಟಿ ಒಲೆ, ನಡುವೆ ಒಂದು ಮರದ ಸೇತುವೆ. ಈಚೆ ದಂಡೆಯ ಮೇಲೆ ಶಿನೊಳ ಮನೆ. ಶಿನೊ ತೋಫು ಮಾಡುತ್ತಿದ್ದಳು. ಅವಳ ತೋಫು ತಿಂದ ಬೊಚ್ಚುಬಾಯಿಯ ಮುದುಕರು ಹಲ್ಲು ಬಂದವೇನೋ ಅಂತ ಕನ್ನಡಿ ಕೇಳಿದ್ದುಂಟು. ಬೆಳಗಾದರೆ ಬೇಯುವ ಸೋಯಾ ಹಾಲಿನ ವಾಸನೆ ಹೊಳೆ ದಾಟಿ ಬರುತ್ತಿತ್ತು. ವಾಸನೆಗೆ ಬಹಿಷ್ಕಾರ ಹಾಕುವ ವಿದ್ಯೆ ಊರಿಗೆ ತಿಳಿದಿರಲಿಲ್ಲ. ಯಾಗೊರೊ ಬಿದಿರು ಸೀಳುವುದನ್ನು ನಿಲ್ಲಿಸಿ, ಬರೀ ಅನ್ನದ ಬಟ್ಟಲು ಹಿಡಿದು ಬಾಗಿಲಲ್ಲಿ ಕೂತು, ಆ ವಾಸನೆಯನ್ನೇ ನಂಚಿಕೊಂಡು ಉಣ್ಣುತ್ತಿದ್ದ.

ಒಂದು ಕಾಲಕ್ಕೆ ಇದೇ ಶಿನೊ ಇದೇ ಸೇತುವೆಯ ಮೇಲೆ ನಿಂತು, "ಏ ಕೊಡೆ, ಮಳೆ ಬಂದ್ರೆ ಮಾತ್ರ ನೆನಪಾಗೋ ಗಂಡಸು ಅಂದ್ರೆ ನೀನೇ ನೋಡು" ಅಂತ ಛೇಡಿಸುತ್ತಿದ್ದಳು. ಆಮೇಲೆ ಅವಳಪ್ಪನ ತಲೆ ಹೋಯಿತು. ತೆಗೆಸಿದವನು ಯಾಗೊರೊ.

ಆಗ ಕೋಟೆಯ ದೊರೆಗೆ ಕಂದಕ ಅಗಲ ಮಾಡಿಸುವ ಹುಚ್ಚು ಹತ್ತಿತ್ತು. ನಾಟಿಯ ಕಾಲಕ್ಕೇ ಗಂಡಸರನ್ನೆಲ್ಲ ಬಿಟ್ಟಿ ಚಾಕರಿಗೆ ಎಳೆದೊಯ್ಯುತ್ತಿದ್ದ. ಕಂದಕ ಎಷ್ಟು ಆಳವಾಯಿತೆಂದರೆ ಕೆಳಗಿನವರು ಕೆಮ್ಮಿದರೆ ಮೇಲಿನವರಿಗೆ ಮರುದಿನ ಕೇಳಿಸುತ್ತಿತ್ತು. ಮೂರನೇ ವರ್ಷವೂ ಕರೆ ಬಂದಾಗ ಅರವತ್ತಮೂರು ಮನೆಯವರು ಸೇರಿ ಅಹವಾಲು ಬರೆದರು. ಹೆಸರುಗಳನ್ನು ಮೇಲಿಂದ ಕೆಳಕ್ಕೆ ಬರೆದರೆ ಮೊದಲ ಹೆಸರಿನವನ ಕುತ್ತಿಗೆಗೆ ಕತ್ತಿ ಬೀಳುತ್ತದೆ. ಅದಕ್ಕೇ ಕೊಡೆಯ ಹಾಗೆ ಬರೆಯುವುದು ಪದ್ಧತಿ: ಕಾಗದದ ಮೇಲೆ ಕೊಡೆ ಬಿಚ್ಚಿಟ್ಟು, ಸುತ್ತ ಗೆರೆ ಎಳೆದು, ಕಡ್ಡಿಗೊಂದು ಹೆಸರು. ಮೊದಲಿಲ್ಲ, ಕೊನೆಯಿಲ್ಲ. ಕೊಡೆ ಯಾಗೊರೊನದು. ಅಷ್ಟು ದುಂಡಗಿನ ವೃತ್ತ ಹುಣ್ಣಿಮೆಯ ಚಂದ್ರನಿಗೂ ಒಲಿದಿರಲಿಲ್ಲ.

ಅಮಲ್ದಾರ ಆ ಕಾಗದವನ್ನು ತಿರುಗಿಸಿ ತಿರುಗಿಸಿ ಓದಿ ಕತ್ತು ಉಳುಕಿಸಿಕೊಂಡ. ಕೊನೆಗೆ ತೀರ್ಪು ಹೇಳಿದ. ಬಿಟ್ಟಿ ಚಾಕರಿ ರದ್ದು, ಆದರೆ ತಲೆ ಎತ್ತಿದವನ ತಲೆ ಬೇಕು. ಹುಣ್ಣಿಮೆಯೊಳಗೆ ಊರಿನವನೇ ಒಬ್ಬ ಬಂದು, ಮುಂದಾಳು ಇಂಥವನು ಅಂತ ದೂರು ಕೊಟ್ಟರೆ ಊರು ನಿಷ್ಠೆಯದು, ಒಂದೇ ತಲೆ ಸಾಕು. ಯಾವನಾದರೂ ತಾನಾಗಿ ಬಂದು 'ನಾನೇ' ಅಂದರೆ ಅದು ಊರೆಲ್ಲ ಸೇರಿ ಹೂಡಿದ ಆಟ. ಆಗ ಮನೆಗೊಂದು ತಲೆ. ಯಾರೂ ಬಾರದಿದ್ದರೂ ಅಷ್ಟೇ.

ಹುಣ್ಣಿಮೆಗೆ ಐದು ದಿನ ಇರುವಾಗ ಪಟೇಲ ಹಾಂಬೆಯಿ, ಅಂದರೆ ಶಿನೊಳ ಅಪ್ಪ, ಯಾಗೊರೊನ ಅಂಗಡಿಗೆ ಬಂದು ಕೂತ.

"ಲೋ ಯಾಗೊರೊ, ನನ್ನ ಹೊಟ್ಟೇಲಿ ಗೆಡ್ಡೆ ಬೆಳೀತಾ ಇದೆ. ಹೆಚ್ಚಂದ್ರೆ ಒಂದು ಚಳಿಗಾಲ ಅಂದ ವೈದ್ಯ. ಹೇಗೂ ಬೀಳೋ ತಲೆ, ನಾಲ್ಕು ಜನಕ್ಕೆ ಉಪಯೋಗ ಆಗೋ ಹಾಗೆ ಬೀಳ್ಲಿ. ನೀನು ಹೋಗಿ ನನ್ನ ಹೆಸರು ಹೇಳು."

"ನಾನಾ?"

"ಮತ್ತೆ ಯಾರು? ನಿನಗೆ ಹೆಂಡ್ತಿಯಿಲ್ಲ, ಮಕ್ಕಳಿಲ್ಲ. ದ್ರೋಹಿ ಮನೆ ಅಂತ ಊರು ಉಗಿದ್ರೆ ನಿನ್ನೊಬ್ಬನ ಮೇಲೇ ಬೀಳುತ್ತೆ. ಮತ್ತೆ ಊರು ನಿಜವಾಗ್ಲೂ ಉಗೀಬೇಕು, ತಿಳೀತಾ? ಅಮಲ್ದಾರನ ಕಿವಿಗಳು ನಮ್ಮೂರಲ್ಲೇ ಓಡಾಡ್ತಿವೆ. ಉಗುಳು ಸುಳ್ಳು ಅಂತ ಗೊತ್ತಾದ್ರೆ ಎಲ್ಲಾ ಹೋಯ್ತು. ಯಾರಿಗೂ ಬಾಯಿ ಬಿಡಬೇಡ. ಶಿನೊಗೂ."

ಯಾಗೊರೊನ ಕೈಯಲ್ಲಿದ್ದ ಬಿದಿರು ಕಡ್ಡಿ ಮುರಿಯಿತು.

"ನೀನು ಅವಳನ್ನ ಕೇಳೋಕೆ ಬರ್ತೀಯ ಅಂತ ಹೊಸ ಚಾಪೆ ತಂದಿಟ್ಟು ಎರಡು ವರ್ಷ ಆಯ್ತು," ಅಂದ ಹಾಂಬೆಯಿ ಏಳುತ್ತ. "ತಡ ಮಾಡ್ದೆ ಕಣೋ."

ಮರುದಿನ ಬೆಳಿಗ್ಗೆ ಹಾಂಬೆಯಿ ಮತ್ತೆ ಬಂದ. ಒಂದು ಕಾಲಿಗೆ ಚಪ್ಪಲಿಯಿತ್ತು, ಇನ್ನೊಂದಕ್ಕಿರಲಿಲ್ಲ.

"ನಿನ್ನೆ ಹೇಳಿದ್ದನ್ನ ಮರೆತುಬಿಡಪ್ಪ. ಮೂಲಂಗಿ ಉಪ್ಪಿಗೆ ಹಾಕಿದ್ದೀನಿ. ಅದು ಹದಕ್ಕೆ ಬರೋವರೆಗೆ ಇರೋಣ ಅನ್ಸುತ್ತೆ. ಅಮಲ್ದಾರ ಬರೀ ಹೆದರಿಸ್ತಿದ್ದಾನೆ ಅಂತ್ಲೂ ಅನ್ಸುತ್ತೆ. ನೀನು ಹೇಳು, ಬರೀ ಹೆದರಿಸ್ತಿದ್ದಾನೆ ಅಲ್ವಾ?"

ಯಾಗೊರೊ ಆ ಬರಿಗಾಲನ್ನು ನೋಡಿದ. ಹೆಬ್ಬೆರಳು ಮಣ್ಣಿನಲ್ಲಿ ಏನೋ ಗೀಚುತ್ತಿತ್ತು.

"ಆಯ್ತು ಪಟೇಲರೇ. ಮನೆಗೆ ಹೋಗಿ."

ಪಟೇಲ ತಿರುವಿನಲ್ಲಿ ಮರೆಯಾದ ಮೇಲೆ ಅವನು ಹುಲ್ಲಿನ ಚಪ್ಪಲಿ ಕಟ್ಟಿಕೊಂಡು ಕೋಟೆಯ ದಾರಿ ಹಿಡಿದ. ಒಂದು ದಿನದ ದಾರಿ. ನಿಂತರೆ ಯೋಚಿಸಬೇಕಾಗುತ್ತದೆ ಅಂತ ಅವನು ಎಲ್ಲೂ ನಿಲ್ಲಲಿಲ್ಲ. ಮಧ್ಯಾಹ್ನಕ್ಕೆಲ್ಲ ಕೋಟೆಯ ಬಾಗಿಲಲ್ಲಿದ್ದ. ಆ ಓಟಕ್ಕೆ ಚಪ್ಪಲಿಯ ಹುಲ್ಲೇ ಹೊತ್ತಿಕೊಂಡು, ಅವನು ಕಾಲಿಟ್ಟ ಕಡೆ ಇವತ್ತಿಗೂ ಗರಿಕೆ ಚಿಗುರುವುದಿಲ್ಲ.

ಹಾಂಬೆಯಿಯ ತಲೆ ಹೋಯಿತು, ಅರವತ್ತೆರಡು ಉಳಿದವು. ಅದು ಕೊಟ್ಟ ತಲೆಯೋ ಕಿತ್ತುಕೊಂಡ ತಲೆಯೋ ಅಂತ ಯಾಗೊರೊ ದಿನಕ್ಕೊಂದು ಸಲ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಬೆಳಿಗ್ಗೆ ಒಂದು ಉತ್ತರ ಬಂದರೆ ಸಂಜೆಗೆ ಇನ್ನೊಂದು. ಅವನ ಸೂರಿನ ಗುಬ್ಬಿಗಳಿಗೂ ಆ ವಾದ ಬಾಯಿಪಾಠವಾಗಿ, ಅವೂ ಎರಡು ಪಂಗಡವಾದವಂತೆ.

ಹನ್ನೆರಡು ವರ್ಷದಲ್ಲಿ ಏಳು ಬೆಂಕಿ, ಮೂವತ್ತೊಂದು ಹೆಣ. ಮೂವತ್ತೆಂಟು ಸಲ ಅವನು ಶಿನೊಳನ್ನು ಹತ್ತಿರದಿಂದ ನೋಡಿದ. ದೇವಸ್ಥಾನದ ಅಡಿಗೆಮನೆ ಹೊತ್ತಿಕೊಂಡ ದಿನ ಸಾಲಿನಲ್ಲಿ ಅವಳು ಅವನ ಪಕ್ಕಕ್ಕೇ ಬಂದಿದ್ದಳು. ಆದರೆ ಬಾಲ್ದಿಯನ್ನು ಕೈಗೆ ಕೊಡದೆ ನೆಲಕ್ಕೆ ಕುಕ್ಕಿದಳು, ಅವನು ನೆಲದಿಂದ ಎತ್ತಿಕೊಂಡ. ನಲವತ್ತು ಬಾಲ್ದಿ ಹಾಗೇ ಸಾಗಿತು. ಮನೆಗೆ ಹೋಗಿ ಯಾಗೊರೊ ಹಬ್ಬ ಮಾಡಿದವನಂತೆ ಒಂದು ಹೆಚ್ಚಿನ ಬಟ್ಟಲು ಅನ್ನ ಉಂಡ.

ಹನ್ನೆರಡನೇ ವರ್ಷ ದೊರೆ ಮಕ್ಕಳಿಲ್ಲದೆ ಸತ್ತ. ಬೇರೆ ಸೀಮೆಯಿಂದ ಹೊಸ ದೊರೆ ಬಂದ. ಹಳೆಯ ಅಮಲ್ದಾರ, ಅವನ ಕಿವಿ, ಮೂಗು, ಎಲ್ಲ ಗಂಟುಮೂಟೆ ಕಟ್ಟಿದವು. ಇನ್ನು ಬಾಯಿ ಬಿಟ್ಟರೆ ಯಾರ ತಲೆಗೂ ಅಪಾಯವಿರಲಿಲ್ಲ. 'ಶಿನೊ, ನಿಮ್ಮಪ್ಪನೇ ಹೋಗು ಅಂದದ್ದು' ಅಂತ ಯಾಗೊರೊ ಹೊಳೆಗೆ ಮುಖ ಮಾಡಿ ಸಾವಿರ ಸಲ ಹೇಳಿ ನೋಡಿದ. ಅಲ್ಲಿಯವರೆಗೆ ಸಲೀಸಾಗಿ ಬರುತ್ತಿತ್ತು. ಮರುದಿನ ಬೆಳಗಿನ ಮಾತು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲೇ ನಿಲ್ಲುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಶಿನೊ ತಾನಾಗಿ ಸೇತುವೆ ದಾಟಿ ಬಂದಳು. ಯಾಗೊರೊ ಎದ್ದು ಬಾಲ್ದಿಗೆ ಕೈ ಹಾಕಿದ.

"ಯಾರ ಮನೆಗೆ ಬಿತ್ತು?"

"ಯಾರದ್ದಕ್ಕೂ ಇಲ್ಲ. ಅಪ್ಪನ ಹದಿಮೂರನೇ ವರ್ಷದ ತಿಥಿ. ಅಪ್ಪನ ಹೆಸರಿನ ಫಲಕ ಹೊರಡಿಸುವಾಗ ಮೇಲೆ ಹಿಡಿಯೋಕೆ ಹೊಸ ಕೊಡೆ ಬೇಕು. ಹದಿಮೂರನೇ ವರ್ಷದ್ದು ಹೆಣದ ಪಾಲಿಗೆ ಸೇರುತ್ತೋ ಇಲ್ವೋ ಅಂತ ಊರವರು ನಾಲ್ಕು ದಿನ ಕಿತ್ತಾಡಿದ್ರು. ನಮ್ಮಪ್ಪನ ಹೆಣ, ನನಗೆ ಗೊತ್ತಿಲ್ವಾ, ಸೇರುತ್ತೆ ಅಂದೆ." ಅವಳು ಮುಚ್ಚಿದ ಪಾತ್ರೆಯೊಂದನ್ನು ಹೊಸಿಲ ಮೇಲಿಟ್ಟಳು. "ಕೂಲಿ."

ಒಳಗೆ ನೀರಿನಲ್ಲಿ ಎರಡು ತುಂಡು ತೋಫು. ಯಾಗೊರೊ ಅದನ್ನು ಮುಟ್ಟಲಿಲ್ಲ. ಹನ್ನೆರಡು ವರ್ಷದ ಮೇಲೆ ಅವಳ ಬಾಯಿಂದ ಬಂದ ಮಾತುಗಳನ್ನು ಒಂದೊಂದಾಗಿ ಎತ್ತಿಟ್ಟುಕೊಳ್ಳುವುದರಲ್ಲೇ ಅವನ ಎರಡು ಕೈಯೂ ತುಂಬಿಹೋಗಿತ್ತು.

"ಒಂದು ಮಾತು ಕೇಳ್ತೀನಿ," ಅಂದಳು ಶಿನೊ. "ಅಪ್ಪ ನಿನ್ನ ಹತ್ರ ಎರಡು ಸಲ ಬಂದಿದ್ದ. ಎರಡನೇ ಸಲ ಏನಂದ?"

ಯಾಗೊರೊನ ಹತ್ತಿರ ಒಂದು ಸುಳ್ಳಿತ್ತು. ಎಣ್ಣೆ ಸವರಿ, ಒಣಗಿಸಿ, ಹನ್ನೆರಡು ವರ್ಷ ಮಡಿಸಿಟ್ಟ ಚೆಂದದ ಸುಳ್ಳು: 'ಯಾಕೋ ಇನ್ನೂ ಹೊರಟಿಲ್ಲ ಅಂತ ಬೈದ್ರು.' ಬಿಚ್ಚಿದರೆ ಸಾಕು, ಅಪ್ಪ ವೀರ, ತಾನು ವೀರನ ಬಂಟ. ಶಿನೊ ನಾಳೆಯೂ ಬಂದಾಳು.

"ಬೇಡ ಅಂದ್ರು," ಅಂದ. "ಇನ್ನೂ ಸ್ವಲ್ಪ ದಿನ ಇರ್ತೀನಿ ಅಂದ್ರು. ನಾನು ಆಯ್ತು ಅಂದೆ. ಅವರು ಆ ಕಡೆ ಹೋದ್ಮೇಲೆ ಹೋಗಿ ದೂರು ಕೊಟ್ಟೆ."

ಶಿನೊ ಹೊಸಿಲ ಮೇಲೆ ಕೂತುಬಿಟ್ಟಳು.

"ಬೇಡ ಅನ್ನು ಹೋಗು ಅಂತ ಕಳಿಸಿದ್ದು ನಾನೇ."

"ನಿನಗೆ ಹೇಳ್ಬೇಡ ಅಂದಿದ್ರಲ್ಲ..."

"ಗುಟ್ಟು ಅವನ ಹೊಟ್ಟೇಲಿ ಯಾವತ್ತು ನಿಂತಿತ್ತು? ಮನೆಗೆ ಬಂದವನೇ ಹೇಳ್ಬಿಟ್ಟ. ನಾನು ಕಾಲು ಹಿಡ್ಕೊಂಡು ಅತ್ತೆ. ಊರು ಹಾಳಾಗಿ ಹೋಗ್ಲಿ, ನೀನಿರು ಅಂದೆ. ಎಷ್ಟು ತೊಟ್ಟಿಲಿತ್ತು ಆಗ ಊರಲ್ಲಿ! ಹಾಳಾಗಿ ಹೋಗ್ಲಿ ಅಂದೆ." ಅವಳು ಸೆರಗಿಲ್ಲದ ಊರಿನವಳು, ತೋಳಿನಿಂದಲೇ ಮೂಗು ಒರೆಸಿಕೊಂಡಳು. "ನಿನ್ನ ಬೈದೂ ಬೈದೂ ನನ್ನ ನಾಲಿಗೆ ಸವೆದುಹೋಯ್ತು ಕೊಡೆ. ನೀನು ಹೋಗದೇ ಇದ್ದಿದ್ರೆ ಅಪ್ಪನೂ ಉಳೀತಿರ್ಲಿಲ್ಲ, ಬೈಸ್ಕೊಳ್ಳೋಕೆ ನೀನೂ ಇರ್ತಿರ್ಲಿಲ್ಲ. ಅದಕ್ಕೇ ಇನ್ನೂ ಸಿಟ್ಟು."

ಕೊಡೆ ಅಂದಳು. ಯಾಗೊರೊ ಬಿದಿರಿನ ರಾಶಿಯ ಕಡೆ ತಿರುಗಿ ನಿಂತ, ಮುಖ ಕಾಣದ ಹಾಗೆ.

"ಬೆಂಕಿ ಬಿದ್ದಾಗಲೆಲ್ಲ ನಿನ್ನ ನೋಡ್ತಿದ್ದೆ," ಅಂದ.

"ನಾನು ಬೀಳ್ಲಿ ಅಂತ ಕೈ ಮುಗೀತಿದ್ದೆ. ಚಿಕ್ಕದೊಂದು. ಯಾರೂ ಸಾಯದ ಹಾಗೆ."

ಆ ಹೊತ್ತು ಎಷ್ಟು ಉದ್ದವಿತ್ತೆಂದರೆ ಸೀಳಿಟ್ಟ ಬಿದಿರು ಮತ್ತೆ ಚಿಗುರಿತು ಅನ್ನುತ್ತಾರೆ.

"ತಿಥಿಯ ದಿನ ಎಲ್ಲರೆದುರು ಹೇಳ್ತೀನಿ," ಅಂದಳು ಶಿನೊ ಕೊನೆಗೆ. "ನೀನು ಈಚೆ ಬಾ."

"ಬೇಡ. ನನ್ನ ಒಳಗೆ ಕರ್ಕೊಂಡು ನಿನ್ನ ಆಚೆ ಹಾಕ್ತಾರೆ. ಸೇತುವೆ ಆಚೆ ಒಬ್ಬರು ಇಲ್ದಿದ್ರೆ ಈ ಊರಿಗೆ ಊಟ ಸೇರಲ್ಲ. ನನಗೆ ಅಭ್ಯಾಸ ಆಗಿದೆ."

"ನೋಡಿದ್ಯಾ, ನೋಡಿದ್ಯಾ! ಅಪ್ಪನ ತಲೆ ಏನಾಗ್ಬೇಕು ಅಂತ ನೀನೊಬ್ಬನೇ ಕೂತು ತೀರ್ಮಾನ ಮಾಡ್ದೆ. ಈಗ ನನ್ನ ನಾಲಿಗೆ ಏನಾಗ್ಬೇಕು ಅಂತ್ಲೂ ನೀನೇನಾ? ಎಲ್ಲರ ಭಾರ ಹೊರೋಕೆ ನೀನೇನು ಊರ ಹೇರು ಕುದುರೆನಾ?"

ಅವಳು ಹೋದ ಮೇಲೆ ಯಾಗೊರೊ ತೋಫು ತಿಂದ. ಅದರ ರುಚಿ ನೆನಪಿನಲ್ಲಿದ್ದದ್ದಕ್ಕಿಂತ ಚಿಕ್ಕದಾಗಿತ್ತು. ಆದರೂ ಪಾತ್ರೆಯ ನೀರನ್ನೂ ಬಿಡದೆ ಕುಡಿದ.

ತಿಥಿಯ ದಿನ ಅರವತ್ತಮೂರು ಮನೆಯವರೂ ದೇವಸ್ಥಾನದಲ್ಲಿ ಸೇರಿದರು. ಹಾಂಬೆಯಿಯ ಹೆಸರಿನಲ್ಲಿ ಕಲ್ಲು ಕೆತ್ತಿಸಿ ನಿಲ್ಲಿಸಿಯಾಗಿತ್ತು: ಊರಿಗಾಗಿ ನಗುನಗುತ್ತ ಪ್ರಾಣ ಕೊಟ್ಟ ಪುಣ್ಯಾತ್ಮ. ಆ ಕಲ್ಲಿಗೆ ಹಣೆ ಹಚ್ಚಿದರೆ ಹೊಟ್ಟೆನೋವು ಹೋಗುತ್ತದೆ ಅಂತ ಮೂರು ಕಣಿವೆ ಆಚೆಯಿಂದ ಜನ ಬರುತ್ತಿದ್ದರು. ಯಾಗೊರೊ ಹೊಸ ಕೊಡೆ ಕೊಟ್ಟು ಕಡೆಯ ಕಂಬದ ಹಿಂದೆ ನಿಂತ. ಧೂಪ ಹಾಕಲು ಎದ್ದ ಶಿನೊ ಜನರ ಕಡೆ ತಿರುಗಿ, ಅಪ್ಪ ಮೊದಲ ದಿನ ಕೇಳಿಕೊಂಡದ್ದು, ಎರಡನೇ ದಿನ ಬೇಡ ಅಂದದ್ದು, ಬೇಡ ಅನ್ನಿಸಿದವಳು ತಾನು, ಬೇಡ ಅಂದರೂ ಹೋಗಿ ಇಷ್ಟು ಜನರನ್ನು ಉಳಿಸಿದವನು ಯಾಗೊರೊ, ಎಲ್ಲವನ್ನೂ ಒಂದು ಮಾತು ಬಿಡದೆ ಹೇಳಿದಳು.

ಅರವತ್ತೊಂದು ಮನೆಯವರು ಒಟ್ಟಿಗೇ ಕಿವುಡಾದದ್ದು ಚರಿತ್ರೆಯಲ್ಲಿ ಅದೊಂದೇ ಸಲ. ನಗುನಗುತ್ತ ಕೊಟ್ಟ ತಲೆಯ ಋಣದಲ್ಲಿ ಬದುಕಬಹುದು. ಕೊಡಲೊಲ್ಲದ ತಲೆಯ ಮೇಲೆ ಕೂತು ಉಣ್ಣುವುದು ಹೇಗೆ? ಹೊಸ ಪಟೇಲ ದೆನ್ಶಿಚಿ, ಶಿನೊಳ ದೊಡ್ಡಪ್ಪನ ಮಗ, ಮೊದಲು ಕೆಮ್ಮಿದ.

"ಧೂಪದ ಹೊಗೆ ತಂಗಿ ತಲೆಗೆ ಏರಿದೆ. ನೀರು ತನ್ರೋ. ಗುರುಗಳೇ, ನೀವು ಗಂಟೆ ಬಾರಿಸಿ."

"ದೆನ್ಶಿಚಿ ಅಣ್ಣ, ನಾನು ಹೇಳಿದ್ದು ಕೇಳಿಸ್ಲಿಲ್ವಾ?"

"ಏನು ಹೇಳ್ದೆ ತಾಯಿ? ಗಂಟೆ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ."

ಗಂಟೆ ಇನ್ನೂ ಬಾರಿಸಿರಲೇ ಇಲ್ಲ. ಆಮೇಲೆ ಬಾರಿಸಿತು.

ಅವನನ್ನು ಒಳಗೆ ಕರೆಯದಿದ್ದರೆ ಬೇಡ, ತನ್ನನ್ನೇ ಆಚೆ ಹಾಕಿಸಿಕೊಳ್ಳುತ್ತೇನೆ ಅಂತ ಶಿನೊ ಹೊರಟಳು. ಬೇರೆಯವರ ಸರದಿಯಲ್ಲಿ ತನ್ನ ಗದ್ದೆಗೆ ನೀರು ತಿರುಗಿಸಿದಳು. "ಪುಣ್ಯಾತ್ಮನ ಮಗಳ ಗದ್ದೆ, ಹೋಗ್ಲಿ ಬಿಡಿ" ಅಂದರು. ಕಡಿದರೆ ಕೈ ಕಡಿಯಬೇಕು ಅನ್ನುವ ದೇವರ ಬನದ ಮರಕ್ಕೆ ಕೊಡಲಿ ಹಾಕಿದಳು. ಆರು ಜನ ಬಂದು ಸೌದೆ ಸೀಳಿ ಅವಳ ಮನೆಗೇ ಹೊತ್ತು ಹಾಕಿದರು. ದೆನ್ಶಿಚಿಯ ಹೆಂಡತಿಯನ್ನು ಬಾವಿಕಟ್ಟೆಯಲ್ಲಿ "ಒಣಗಿದ ಸೀಗಡಿ" ಅಂತ ಕರೆದಳು. ಅವಳು ಕಣ್ಣೊರೆಸಿಕೊಂಡು, "ಹುಡುಗಿಗೆ ಎಷ್ಟು ದುಃಖವೋ!" ಅಂದಳು. ದೇವರ ಮಗಳಾಗಿರುವುದು ಎಷ್ಟು ದೊಡ್ಡ ಶಿಕ್ಷೆ ಅಂತ ಶಿನೊಗೆ ಆಗ ತಿಳಿಯಿತು. ಕೊನೆಗೆ ಬಟ್ಟೆಯ ಗಂಟು ಹಿಡಿದು ಹಗಲಲ್ಲೇ ಸೇತುವೆ ದಾಟಿದಳು. ಊರಿಗೆ ಊರೇ ಬಂದು ಪಲ್ಲಕ್ಕಿಯಲ್ಲಿ ಕೂರಿಸಿಕೊಂಡು ವಾಪಸು ಹೊತ್ತಿತು. ದೆನ್ಶಿಚಿ ಮಾತ್ರ ಹಿಂದೆ ನಿಂತು, ಯಾಗೊರೊನ ಮುಖ ನೋಡದೆ ಹೊಳೆಯ ಜೊತೆ ಮಾತಾಡಿದ.

"ಇನ್ನೊಂದ್ಸಲ ಅವಳು ಈ ಕಡೆ ಬಂದ್ರೆ, ಉಳಿದಿರೋ ಎರಡು ಪಾಲನ್ನೂ ಕಿತ್ಕೊಂಡು, ಆ ಕೊಡೆಯವನನ್ನ ಕಣಿವೆಯಿಂದಾಚೆ ಅಟ್ತೀವಿ. ಯಾರಿಗಾದ್ರೂ ಕೇಳಿಸಿದ್ರೆ ಕೇಳಿಸಿಕೊಳ್ಲಿ."

ಆಮೇಲೆ ಶಿನೊ ದಾಟಲಿಲ್ಲ. ಬೆಳಗಿನ ವಾಸನೆ ಮಾತ್ರ ದಾಟುತ್ತಿತ್ತು. ಮೊದಲೆಲ್ಲ ಅದನ್ನು ನಂಚಿಕೊಂಡು ಹೊಟ್ಟೆ ತುಂಬುತ್ತಿತ್ತು. ಈಗ ಒಂದು ತುತ್ತೂ ಇಳಿಯಲಿಲ್ಲ. ಅವಳು ಇವನನ್ನು ದ್ವೇಷಿಸುತ್ತಿದ್ದಾಗ ಸೇತುವೆ ಮೂವತ್ತು ಹೆಜ್ಜೆಯಿತ್ತು. ಈಗ ಎಣಿಸಿದರೆ ಮುನ್ನೂರಾದರೂ ಆಗುತ್ತಿತ್ತು.

ಎಲೆ ಉದುರುವ ಕಾಲಕ್ಕೆ, ಒಂದು ಎಲೆಯೂ ಅಲುಗದ ಬೆಳಿಗ್ಗೆ, ಶಿನೊಳ ಕಾಳಿನ ಗುಡಿಸಲಿಗೆ ಬೆಂಕಿ ಬಿತ್ತು. ಚಳಿಗಾಲಕ್ಕೆ ಕೂಡಿಟ್ಟ ಸೋಯಾ ಅಷ್ಟೂ ಅದರೊಳಗಿತ್ತು. ಯಾಗೊರೊ ಸೇತುವೆಯನ್ನು ಎರಡೇ ನೆಗೆತಕ್ಕೆ ದಾಟಿದ. ಒಂದೇ ಅನ್ನುವವರೂ ಇದ್ದಾರೆ. ಹೊಳೆಯಿಂದ ಗುಡಿಸಲಿನವರೆಗೆ ಸಾಲು ನಿಂತಿತು. ಶಿನೊ ಎಲ್ಲಿಂದಲೋ ನುಗ್ಗಿ ಬಂದು ಅವನ ಪಕ್ಕದಲ್ಲಿ ನಿಂತಳು. ಬಾಲ್ದಿಯನ್ನು ಈ ಸಲ ಕೈಗೇ ಕೊಟ್ಟಳು.

"ನೀನೇ ಹಚ್ಚಿದ್ದಾ?" ಅಂದ ಯಾಗೊರೊ, ತುಟಿ ಅಲುಗದ ಹಾಗೆ.

"ಒಲೆ ಕಿಡಿ ಹಾರ್ತು."

"ಗಾಳಿ ಎಲ್ಲಿದೆ ಹಾರೋಕೆ?"

"ಗಾಳಿ ಇಲ್ಲದ ದಿನಕ್ಕೇ ಹತ್ತು ದಿನ ಕಾದೆ. ಪಕ್ಕದವರ ಮನೆ ಸುಡಬಾರದಲ್ಲ." ಬಾಲ್ದಿ. "ನಿನ್ನ ಕೈ ಇಷ್ಟು ಒರಟಾ?"

"ಬಿದಿರು."

"ಮೊದಲು ಹೀಗಿರ್ಲಿಲ್ಲ."

"ಮೊದಲು ನೀನು ಮುಟ್ಟಿರ್ಲಿಲ್ಲ."

"ಬೇಗ ಬೇಗ!" ಅಂತ ದೆನ್ಶಿಚಿ ಕೂಗಿದ. ಆದರೆ ಆ ಸಾಲಿನ ನಡುವೆ ಅದೊಂದು ಜಾಗದಲ್ಲಿ ಪ್ರತಿ ಬಾಲ್ದಿಯೂ ಒಂದು ಉಸಿರಿನಷ್ಟು ನಿಂತು ಮುಂದೆ ಹೋಗುತ್ತಿತ್ತು. ಕೋಳಿಗೂಡಿನಷ್ಟಿದ್ದ ಗುಡಿಸಲು ಬೆಳಗಿನ ಊಟದಿಂದ ಸೂರ್ಯ ನೆತ್ತಿಗೇರುವವರೆಗೆ ಉರಿಯಿತು. ಅರಮನೆ ಸುಟ್ಟರೂ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಬೆಂಕಿ ಆರಿದ ಮೇಲೆ ಯಾರಾದರೊಬ್ಬರು ಬೂದಿ ಕಾಯಬೇಕು, ಹೊಗೆ ಆಡುವವರೆಗೆ. ಬೆಂಕಿಯ ಪಾಲು ಮುಗಿಯುವುದು ಹೊಗೆ ನಿಂತ ಮೇಲೆಯೇ. ದೆನ್ಶಿಚಿ ಸುತ್ತ ನೋಡಿದ. ತಂಗಿಯ ಮುಖವನ್ನೂ ನೋಡಿದ. ಎಷ್ಟಾದರೂ ಒಂದೇ ಮನೆಯ ರಕ್ತ.

"ಬೆಂಕಿ ಕೆಲಸದಲ್ಲಿ ಪಳಗಿದವನು ಒಬ್ಬನೇ ಇರೋದು ಇಲ್ಲಿ," ಅಂತ ಯಾರಿಗೂ ಅಲ್ಲದ ಹಾಗೆ ಹೇಳಿ ಹೊರಟುಹೋದ.

ಯಾಗೊರೊ ಬೂದಿಯ ಪಕ್ಕ ಕೂತ. ಶಿನೊ ಎದುರಿಗೆ ಕೂತಳು. ಸಂಜೆಗೆ ಹೊಗೆ ತೆಳ್ಳಗಾದಾಗ ಅವಳು ಹಸಿ ಹೊಟ್ಟು ತಂದು ಸುರಿದಳು. ಮರುದಿನ ಹೊಟ್ಟು ಮುಗಿಯಿತು, ಪೊರಕೆ ಹಾಕಿದಳು. ಆಮೇಲೆ ಚಾಪೆ, ಆಮೇಲೆ ತೋಫು ಒತ್ತುವ ಮರದ ಅಚ್ಚು. ದಿನಕ್ಕೊಂದು ಸಲ ದೆನ್ಶಿಚಿ ದೂರದ ಬೇಲಿಯ ಹತ್ತಿರ ನಿಂತು, "ಇನ್ನೂ ಆಡ್ತಿದೆಯಾ?" ಅನ್ನುತ್ತಿದ್ದ. "ಆಡ್ತಿದೆ" ಅನ್ನುತ್ತಿದ್ದಳು ಶಿನೊ. ಹೊಗೆ ಕಣ್ಣಿಗೆ ಹತ್ತುತ್ತಿತ್ತು, ಅದೊಂದು ಅನುಕೂಲ. ಮೂರು ದಿನ ಅನ್ನುತ್ತಾರೆ, ಏಳು ದಿನ ಅನ್ನುತ್ತಾರೆ. ಬೂದಿ ಕಾದ ಇಬ್ಬರನ್ನೂ ಕೇಳಿದರೆ ಬಹುಶಃ ಒಂದು ಗಳಿಗೆ ಅನ್ನುತ್ತಿದ್ದರು.

ಕೊನೆಗೆ ಮಳೆ ಬಂತು. ಬೂದಿ ಚುರ್ರೆಂದು, ಕಪ್ಪಾಗಿ, ಸುಮ್ಮನಾಯಿತು. ಯಾಗೊರೊ ಎದ್ದ.

"ಕಾಳು ಹೋಯ್ತು," ಅಂದ. "ಚಳಿಗಾಲಕ್ಕೆ ಏನ್ಮಾಡ್ತೀಯ?"

"ಊರು ಸಾಕುತ್ತೆ. ದೇವರ ಮಗಳಲ್ವಾ." ಶಿನೊ ಮಳೆಯಲ್ಲೇ ನಿಂತಿದ್ದಳು. "ಗುಡಿಸಲು ಹೋದ್ರೆ ಹೋಗ್ಲಿ. ಮನೆ ಇದೆಯಲ್ಲ ಇನ್ನೂ."

"ಶಿನೊ, ಬೇಡ."

ಅವನು ಸೇತುವೆಯ ತುದಿ ಮುಟ್ಟಿ ತಿರುಗಿ ನೋಡಿದಾಗ, ಅವಳು ತನ್ನ ಮನೆಯ ಹುಲ್ಲಿನ ಮಾಡನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡುತ್ತ ನಿಂತಿದ್ದಳು, ಎಷ್ಟು ದಿನ ಹೊಗೆ ಆಡಬಹುದು ಅಂತ.